ಹಳೇ ಕೋಲ್ಟ್‌ಗೆ ಯಾವ ಹಿಡಿ ಸರಿ?

ರಿವಾಲ್ವರ್ 1880ರ ದಶಕದ್ದು, ಹಿಡಿ ಮಾತ್ರ ನಿನ್ನೆ ಮೊನ್ನೆಯ ಪ್ಲಾಸ್ಟಿಕ್ಕು! ಅಮೆರಿಕದ ಹಳೇ ಬಂದೂಕು ಸಂಗ್ರಾಹಕರಿಗೆ ಇದು ಮಾಮೂಲಿ ತಲೆನೋವು.

ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ ಆರ್ಮಿಯನ್ನೇ ನೋಡಿ. 1873ರಲ್ಲಿ ಬಂದದ್ದು. ಮೊದಮೊದಲು ಒಂದೇ ತುಂಡಿನ ವಾಲ್‌ನಟ್ ಮರದ ಹಿಡಿ. ಅದಕ್ಕೆ ಸ್ಕ್ರೂ ಇಲ್ಲವೇ ಇಲ್ಲ. ಹಿಂಬದಿಯ ಲೋಹದ ಪಟ್ಟಿಯೇ ಕಚ್ಚಿಕೊಂಡಿರುತ್ತದೆ. 1880ರ ದಶಕದಲ್ಲಿ ಗಟ್ಟಿ ರಬ್ಬರಿನ ಎರಡು ಹೋಳು ಬಂದವು: ಮೇಲೆ ಕುದುರೆ, ಕೆಳಗೆ ಹದ್ದು, ನಡುವೆ ಒಂದು ಸ್ಕ್ರೂ. 1890ರ ದಶಕದಲ್ಲಿ ಹದ್ದು ಹಾರಿಹೋಯ್ತು, ಕುದುರೆ ಉಳೀತು.

ಹಾಗಾಗಿ ಮೊದಲು ಸೀರಿಯಲ್ ನಂಬರಿನಿಂದ ವರ್ಷ ಪತ್ತೆಮಾಡಿ. ಹಿಡಿ ಹುಡುಕೋದು ಆಮೇಲೆ.

ಈಗ ಹಿಡಿಯನ್ನು ಮಗುಚಿ ನೋಡಿ. ಅಸಲಿ ರಬ್ಬರಿನ ಒಳಮೈಯಲ್ಲಿ ಬಂದೂಕಿನ ನಂಬರು ಗೀರಿರುವುದುಂಟು. ಬೆಳಕು ಬಿದ್ದೂ ಬಿದ್ದೂ ಕಪ್ಪು ಮಾಸಿ ಕಂದಾಗಿರುತ್ತದೆ. ಹೆಬ್ಬೆರಳಿನಿಂದ ಬಿಸಿಯೇರುವಷ್ಟು ಉಜ್ಜಿದರೆ ಸಣ್ಣಗೆ ಗಂಧಕದ ವಾಸನೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಮಹಾನುಭಾವರೂ ಇದ್ದಾರೆ, ದಯವಿಟ್ಟು ಬೇಡ.

ಕಾರ್ಖಾನೆಯಲ್ಲಿ ಆಯಾ ಬಂದೂಕಿಗೇ ಕೂರಿಸಿ ಹಿಡಿಯನ್ನು ನಯಮಾಡುತ್ತಿದ್ದರು. ಅದಕ್ಕೇ ಇನ್ನೊಂದರದ್ದು ತಂದು ಹಾಕಿದರೆ ಅಂಚು ಕೂದಲೆಳೆಯಷ್ಟು ಒಳಗೋ ಹೊರಗೋ ನಿಲ್ಲುತ್ತದೆ. ಹೊರಚಾಚಿದರೆ ಹೊಸ ಹಿಡಿಯನ್ನು ಮಾತ್ರ ಉಜ್ಜಿ, ಅದೂ ಬಂದೂಕಿನಿಂದ ಬಿಚ್ಚಿಟ್ಟುಕೊಂಡು. ಉಪ್ಪುಕಾಗದ ಲೋಹಕ್ಕೆ ತಾಗಿತೋ, ಹಳೇ ಬಣ್ಣವೂ ಹೋಯ್ತು, ಬೆಲೆಯೂ ಹೋಯ್ತು.

ಅಸಲಿ ಸಿಗಲಿಲ್ಲವಾ? ಆ ಕಾಲದ ಮಾದರಿಗೆ ಹೊಂದುವ ಒಳ್ಳೇ ನಕಲು ಹಾಕಿ. ಮಾರುವಾಗ ಮಾತ್ರ ನಕಲು ಅಂತಲೇ ಹೇಳಿ.