ಸ್ಮಾರಕ, ಸಮುದಾಯ ಮಂಟಪ ಕಟ್ಟಿಸುವ ಮುನ್ನ

ವ್ಯಾಪಾರದಲ್ಲಿ ನೆಲೆ ಕಂಡವರು ಹಿರಿಯರ ನೆನಪಿಗಾಗಿ ದೇವಸ್ಥಾನಕ್ಕೊಂದು ಮಂಟಪವನ್ನೋ, ಊರಿಗೊಂದು ಸಮುದಾಯ ಭವನವನ್ನೋ ಕಟ್ಟಿಸಿಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಇಂತಹ ಕಾರ್ಯಕ್ಕೆ ಹಣ ಹೊಂದಿಸಲು ಪಡುವ ಶ್ರಮವನ್ನು ವಿನ್ಯಾಸಕ್ಕೂ ಮುಂದಿನ ನಿರ್ವಹಣೆಗೂ ಪಡುವವರು ವಿರಳ. ಉದ್ಘಾಟನೆಯ ಬಳಿಕ ವರ್ಷದ ಬಹುಪಾಲು ಬೀಗ ಹಾಕಿರುವ ಭವನದಿಂದ ದಾನಿಯ ಉದ್ದೇಶ ಈಡೇರುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಉದ್ಯಮಿಗಳು ಈ ವಿಷಯದಲ್ಲಿ ಮಾದರಿಯನ್ನು ಅರಸಿ ದೂರ ಹೋಗಬೇಕಾಗಿಲ್ಲ.

ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯವು ಕ್ರಿ.ಶ. 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕನಿಂದ ನಿರ್ಮಾಣಗೊಂಡಿತು. ಇಲ್ಲಿ ಗರ್ಭಗೃಹ ಚಿಕ್ಕದು. ಜನರು ಸೇರುವ ತೆರೆದ ಮಂಟಪವು 29 ಅಂಕಣಗಳಷ್ಟು ವಿಶಾಲವಾದುದು. ಎತ್ತರದ ಗೋಡೆಯ ಬದಲು ಸುತ್ತಲೂ ಅರೆಗೋಡೆಯಿರುವುದರಿಂದ ಒಳಗೆ ನೆರಳಿದೆ, ಗಾಳಿ-ಬೆಳಕಿಗೂ ಅಡ್ಡಿಯಿಲ್ಲ. ಆ ಅರೆಗೋಡೆಯ ಹೊರಮುಖದಲ್ಲಿ ರಾಮಾಯಣದ 70, ಭಾಗವತದ 25 ಹಾಗೂ ಮಹಾಭಾರತದ 45 ಶಿಲ್ಪಫಲಕಗಳಿವೆ. ಅಕ್ಷರ ಬಾರದವರೂ ಸುತ್ತು ಬರುತ್ತಲೇ ಕಥೆಯನ್ನು ತಿಳಿಯಬಹುದು. ಅಲಂಕಾರಕ್ಕೆ ಮಾಡಿದ ವೆಚ್ಚವು ಜನರ ಉಪಯೋಗಕ್ಕೂ ಬಂದುದಕ್ಕೆ ಇದು ನಿದರ್ಶನ.

ಸ್ಮಾರಕವೆಂದರೆ ದೊಡ್ಡ ಕಟ್ಟಡವೇ ಆಗಬೇಕೆಂದಿಲ್ಲ. ಕಡೂರಿನ ಕೋಟೆಯಲ್ಲಿ ದೊರೆತ ಕ್ರಿ.ಶ. 971ರ ಕಂಬದ ಶಾಸನವು ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸು ಆಚರಿಸಿ ಮಡಿದುದನ್ನು ತಿಳಿಸುತ್ತದೆ. ಒಂದು ಕಲ್ಲುಕಂಬ, ಕೆಲವು ಸಾಲು ಬರಹ. ಸಾವಿರ ವರ್ಷ ಕಳೆದರೂ ಆಕೆ ಯಾರು, ಏನು ಮಾಡಿದಳು ಎಂಬುದು ನಮಗೆ ತಿಳಿದಿದೆ.

ಆ ಕಾಲದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು ಭೂಮಿಯನ್ನೋ ಸುಂಕದ ಆದಾಯವನ್ನೋ ದಾನದೊಡನೆಯೇ ಬಿಟ್ಟುಕೊಡುತ್ತಿದ್ದರು. ಯಂತ್ರ ಕೊಳ್ಳುವಾಗ ಸವಕಳಿಯನ್ನು ಲೆಕ್ಕ ಹಾಕುವ ನಮ್ಮ ಉದ್ಯಮಿಗಳಿಗೆ ಇದು ಹೊಸ ವಿಚಾರವೇನಲ್ಲ; ದಾನದ ಕಟ್ಟಡಕ್ಕೂ ಅದೇ ಲೆಕ್ಕ ಅನ್ವಯಿಸುತ್ತದೆ.

ಆದ್ದರಿಂದ ನೀಲನಕ್ಷೆಗೆ ಮೊದಲು ಕೆಲವು ಅಂಶಗಳನ್ನು ನಿಶ್ಚಯಿಸಿಕೊಳ್ಳುವುದು ಒಳಿತು. ಹಬ್ಬ, ಮದುವೆಗಳಿಲ್ಲದ ದಿನಗಳಲ್ಲಿ ಕಟ್ಟಡವನ್ನು ಯಾರು, ಯಾವುದಕ್ಕೆ ಬಳಸುವರು? ಬಯಲುಸೀಮೆಯ ಕಡೂರಿನ ಬಿಸಿಲಿಗೂ ಮಲೆನಾಡಿನಂಚಿನ ತರೀಕೆರೆಯ ಮಳೆಗೂ ಒಂದೇ ನಕ್ಷೆ ಹೊಂದೀತೇ? ದೂರದಿಂದ ತರಿಸುವ ಹೊಳಪುಕಲ್ಲಿನ ಬದಲು ಸ್ಥಳೀಯ ಕಲ್ಲನ್ನು ಬಳಸಿದರೆ ಮುಂದೆ ದುರಸ್ತಿಗೆ ಸಾಮಗ್ರಿಯೂ ಕೆಲಸಗಾರರೂ ಸಮೀಪದಲ್ಲೇ ದೊರೆಯುವರಲ್ಲವೇ? ಸಂಗ್ರಹವಾದ ಹಣವನ್ನೆಲ್ಲ ಕಟ್ಟಡಕ್ಕೇ ಸುರಿಯದೆ, ಒಂದು ಪಾಲನ್ನು ನಿರ್ವಹಣೆಗಾಗಿ ಠೇವಣಿಯಿಟ್ಟು, ಅದರ ಬಡ್ಡಿಯನ್ನು ಯಾರು ಹೇಗೆ ವೆಚ್ಚ ಮಾಡಬೇಕೆಂಬುದನ್ನು ಟ್ರಸ್ಟ್ ಪತ್ರದಲ್ಲಿ ಬರೆದಿಡಬೇಕು. ಗೋಡೆಯ ಫಲಕದಲ್ಲಿ ದಾನಿಯ ಹೆಸರಿನೊಡನೆ ಈ ಏರ್ಪಾಡನ್ನೂ ಕೆತ್ತಿಸಿದರೆ ಮುಂದಿನ ತಲೆಮಾರಿನವರಿಗೆ ಹೊಣೆಯೂ ತಿಳಿಯುತ್ತದೆ.