ಪ್ಲೇಯರಿಗೆ ಬರುವ ಒಂದೇ ಲಿಪಿ

ಹೈದರಾಬಾದಿನಲ್ಲೂ ಬೀದರಿನಲ್ಲೂ ಕಿವಿಗೆ ಬೀಳುವ ದಖನಿ ಮಾತು ಬಹುಮಟ್ಟಿಗೆ ಒಂದೇ. ಬೀದರ್ ಕಡೆಯ ಕನ್ನಡಿಗರು ಆ ಮಾತನ್ನು ಕೇಳಿ ತಿಳಿಯುತ್ತಾರೆ, ಆಡುತ್ತಾರೆ. ಆದರೆ ಅದನ್ನೇ ಉರ್ದು ಲಿಪಿಯಲ್ಲಿ ಬರೆದುಕೊಟ್ಟರೆ, ಕನ್ನಡ ಅಕ್ಷರವನ್ನಷ್ಟೇ ಕಲಿತವರಿಗೆ ಒಂದು ಸಾಲೂ ದಕ್ಕುವುದಿಲ್ಲ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ವಿಡಿಯೊವನ್ನು ಹಾಗೇ ಡಿಸ್ಕಿಗೆ ತುಂಬಿ ಡಿವಿಡಿ ಪ್ಲೇಯರಿಗೆ ಕೊಟ್ಟಾಗ ಆಗುವುದೂ ಇದೇ. ಚಿತ್ರ, ದನಿ ಎರಡೂ ಫೈಲಿನಲ್ಲಿವೆ, ಪ್ಲೇಯರಿಗೆ ಬರುವ ಲಿಪಿ ಮಾತ್ರ ಬೇರೆ. ಆ ಲಿಪಿಯ ಹೆಸರು ಎಂಪೆಗ್-2. ಅದನ್ನೇ ನೆಚ್ಚಿಕೊಂಡು ಡಿವಿಡಿ 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ಈಗ ನಾವು ಇಳಿಸಿಕೊಳ್ಳುವ ಎಂಪಿ4, ಎಂಕೆವಿ ಫೈಲುಗಳ ಒಳಗೆ ಸಾಮಾನ್ಯವಾಗಿ ಇರುವುದು 2003ರಲ್ಲಿ ಹೊರಬಂದ ಎಚ್.264. ಅಷ್ಟೇ ಸ್ಪಷ್ಟ ಚಿತ್ರವನ್ನು ಅದು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಕಂಪ್ಯೂಟರಿಗಾದರೆ ಹೊಸ ಸಾಫ್ಟ್‌ವೇರ್ ಹಾಕಿ ಹೊಸ ಲಿಪಿ ಕಲಿಸಬಹುದು. ಹಳೆಯ ಪ್ಲೇಯರಿನ ಚಿಪ್‌ಗೆ ಕಾರ್ಖಾನೆಯಲ್ಲಿ ಕಲಿಸಿದ್ದೇ ಕೊನೆ. ಫೈಲಿನ ಹೆಸರಿನ ಬಾಲವನ್ನು ಎಂಪಿ4 ಎಂಬುದರಿಂದ ಎವಿಐ ಎಂದು ತಿದ್ದಿದರೆ ಏನೂ ಆಗದಿರುವುದು ಇದಕ್ಕೇ. ಅದು ಪುಸ್ತಕದ ರಟ್ಟು ಬದಲಿಸಿದಂತೆ, ಒಳಗಿನ ಬರಹ ಇದ್ದಂತೆಯೇ ಇರುತ್ತದೆ.

ಹಾಗಾದರೆ ಲಿಪಿ ಬದಲಿಸಿ ಬರೆಯಬೇಕು, ಅಂದರೆ ಫೈಲನ್ನು ಕನ್ವರ್ಟ್ ಮಾಡಬೇಕು. ಈ ಕೆಲಸದಲ್ಲಿ ಗಳಿಕೆ ಎಂಬುದೇ ಇಲ್ಲ, ಪ್ರತಿ ಸಲವೂ ಒಂದಿಷ್ಟು ನಷ್ಟವೇ. ವಿಡಿಯೊವನ್ನು ಕುಗ್ಗಿಸುವ ಈ ವಿಧಾನಗಳೆಲ್ಲ ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಕಿತ್ತುಹಾಕಿಯೇ ಜಾಗ ಉಳಿಸುತ್ತವೆ. ಇಳಿಸಿಕೊಂಡ ಫೈಲಿನಲ್ಲಿ ಒಮ್ಮೆ ಹೀಗೆ ಕಿತ್ತಾಗಿದೆ. ಅದನ್ನು ಬಿಡಿಸಿ ಎಂಪೆಗ್-2ಕ್ಕೆ ಕುಗ್ಗಿಸುವಾಗ ಮತ್ತೊಮ್ಮೆ ಕೀಳುತ್ತೇವೆ. 700 ಎಂಬಿ ಇದ್ದದ್ದು 4 ಜಿಬಿ ಆಯಿತಲ್ಲ, ಚಿತ್ರ ಸುಧಾರಿಸಿರಬೇಕು ಎಂದು ನಂಬುವವರುಂಟು. ಬೆಳೆದದ್ದು ಗಾತ್ರ ಮಾತ್ರ. ಮಸುಕಾದ ಜೆರಾಕ್ಸ್ ಪ್ರತಿಯನ್ನು ದೊಡ್ಡ ಹಾಳೆಗೆ ಹಿಗ್ಗಿಸಿದರೆ ಅಳಿಸಿಹೋದ ಅಕ್ಷರ ಮರಳಿ ಮೂಡುವುದಿಲ್ಲ. ಆದ್ದರಿಂದ ಕನ್ವರ್ಟ್ ಮಾಡುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು. ಮಾಡಲೇಬೇಕಾದರೆ ಮೂಲ ಫೈಲಿನಿಂದ, ಒಂದೇ ಸಲ, ಲೆಕ್ಕ ಹಾಕಿ ಮಾಡಬೇಕು.

ಕೊನೆಯ ಉಪಾಯ ಎಂದದ್ದಕ್ಕೆ ಕಾರಣವಿದೆ. ಅನೇಕ ಪ್ಲೇಯರುಗಳ ಮುಖದ ಮೇಲೆ ಡಿವ್‌ಎಕ್ಸ್ ಗುರುತು ಇರುತ್ತದೆ. ಅಂಥವು ಡಿವ್‌ಎಕ್ಸ್, ಎಕ್ಸ್‌ವಿಡ್ ಮಾದರಿಯ ಎವಿಐ ಫೈಲುಗಳನ್ನು ನೇರವಾಗಿ ಓದುತ್ತವೆ. ಚಿತ್ರ 720 ಅಡ್ಡ, 576 ಉದ್ದದ ಮಿತಿಯೊಳಗಿದ್ದು, ದನಿ ಎಂಪಿ3ಯಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಬಾರದು. 700 ಎಂಬಿಯ ಅಂಥ ಆರು ಫೈಲುಗಳು ಒಂದೇ ಡಿಸ್ಕಿನಲ್ಲಿ ಹಿಡಿಯುತ್ತವೆ, ಚಿತ್ರವೂ ಕೆಡುವುದಿಲ್ಲ. ಪ್ಲೇಯರಿನಲ್ಲಿ ಯುಎಸ್‌ಬಿ ಕಿಂಡಿ ಇದ್ದರೆ ಡಿಸ್ಕಿನ ಖರ್ಚೂ ಇಲ್ಲ. ಆದರೆ ಕಿಂಡಿ ಇದೆಯೆಂದ ಮಾತ್ರಕ್ಕೆ ಎಲ್ಲ ಫೈಲೂ ಓಡುತ್ತದೆ ಎಂದುಕೊಳ್ಳಬಾರದು. ಪೆನ್‌ಡ್ರೈವ್ ಬರಿಯ ದಾರಿ. ಓದುವುದು ಅದೇ ಚಿಪ್.

ಈಗ ಲೆಕ್ಕಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಪದರದ ಡಿಸ್ಕಿನ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಕಂಪ್ಯೂಟರ್ ತನ್ನ 1024ರ ಲೆಕ್ಕದಲ್ಲಿ ಅದನ್ನು ಸುಮಾರು 4.37 ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ್ದಲ್ಲ, ಅಳತೆಗೋಲು ಬೇರೆ. ಅಷ್ಟು ಜಾಗವನ್ನು ಬಿಟ್‌ಗಳಲ್ಲಿ ಎಣಿಸಿದರೆ 37,600 ಮೆಗಾಬಿಟ್. ಎರಡು ತಾಸಿನ ಸಿನಿಮಾ ಎಂದರೆ 7,200 ಸೆಕೆಂಡು, ಸೆಕೆಂಡಿಗೆ 5.2 ಮೆಗಾಬಿಟ್ ಸಿಕ್ಕಿತು. ದನಿಗೆ 0.2 ತೆಗೆದಿಟ್ಟರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಮೂರು ತಾಸಾದರೆ ಸೆಕೆಂಡಿನ ಪಾಲು 3.5ಕ್ಕೆ ಇಳಿಯಿತು. ನಾಲ್ಕು ತಾಸಿನ ಮದುವೆ ವಿಡಿಯೊಗೆ ಉಳಿದದ್ದು 2.6 ಮಾತ್ರ. ಆಗ ಧಾರೆ ಎರೆಯುವಾಗ ಅಕ್ಷತೆ ಹಾರಿದ ಕ್ಷಣಕ್ಕೆ ಚಿತ್ರವೆಲ್ಲ ಚೌಕಚೌಕವಾಗಿ ಒಡೆಯುತ್ತದೆ. ಏಕೆಂದರೆ ಎಲ್ಲವೂ ಒಮ್ಮೆಗೇ ಚಲಿಸುವಾಗ ಹೆಚ್ಚು ಬಿಟ್‌ಗಳು ಬೇಕು. ಇದಕ್ಕೆ ಒಳ್ಳೆಯ ಪರಿಹಾರ ಎರಡು ಡಿಸ್ಕು. ಒಂದೇ ಸಾಕೆಂದರೆ ಅಡ್ಡ ಅಳತೆಯನ್ನು 720ರಿಂದ 352ಕ್ಕೆ ಇಳಿಸಬಹುದು, ಡಿವಿಡಿ ನಿಯಮ ಅದನ್ನು ಒಪ್ಪುತ್ತದೆ. ಚಿತ್ರ ತುಸು ಮೃದುವಾಗುತ್ತದೆ, ಆದರೆ ಒಡೆಯುವುದು ಬಹಳ ಕಡಿಮೆ.

ಇನ್ನೊಂದು ತಪ್ಪು ನಡೆಯುವುದು ಒಳ್ಳೆಯ ಉದ್ದೇಶದಿಂದಲೇ. ಭಾರತದ್ದು ಪ್ಯಾಲ್ ಪದ್ಧತಿ, ಸೆಕೆಂಡಿಗೆ 25 ಚಿತ್ರಗಳು, ಹಾಗಾಗಿ ಎಲ್ಲವನ್ನೂ ಪ್ಯಾಲ್‌ಗೇ ಬದಲಿಸಬೇಕು ಎಂಬ ನಂಬಿಕೆ. ಫೋನಿನಲ್ಲಿ ತೆಗೆದ ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರಗಳಿರುತ್ತವೆ. ಅದನ್ನು 25ಕ್ಕೆ ಇಳಿಸಲು ಪ್ರತಿ ಆರರಲ್ಲಿ ಒಂದು ಚಿತ್ರ ಬಿಡಬೇಕು. ನಡೆಯುವ ಮನುಷ್ಯ ಕುಂಟಿದಂತೆ ಕಾಣುವುದು ಅದರಿಂದ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ವೇಗ 29.97, ಸಾಲುಗಳು 480. ನಮ್ಮಲ್ಲಿ ಮಾರಾಟವಾದ ಪ್ಲೇಯರುಗಳಲ್ಲಿ ಹೆಚ್ಚಿನವು ಎರಡನ್ನೂ ಓದುತ್ತವೆ. ಸಾಲು ಕಡಿಮೆಯಾದರೂ ಚಲನೆ ಸರಾಗವಾಗಿರುವುದು ಮೇಲು. ತೀರಾ ಹಳೆಯ ಟಿವಿಯಲ್ಲಿ ಮಾತ್ರ ಬಣ್ಣ ಹೋಗಿ ಕಪ್ಪುಬಿಳುಪಾಗುವ ಅಪಾಯವುಂಟು. ಅಲ್ಲಿ ಪ್ಯಾಲ್ ಅನಿವಾರ್ಯ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್ ಎರಡೂ ಪದ್ಧತಿಗೆ ಸಿದ್ಧ ಅಳತೆಗಳನ್ನು ಇಟ್ಟುಕೊಂಡಿದೆ. ದನಿಯನ್ನೂ ಡಿವಿಡಿಗೆ ಬೇಕಾದ 48 ಕಿಲೊಹರ್ಟ್ಸ್‌ಗೆ ತಾನೇ ತರುತ್ತದೆ. ಮೆನು, ಅಧ್ಯಾಯಗಳನ್ನು ಕಟ್ಟಲು ಡಿವಿಡಿಸ್ಟೈಲರ್ ಇದೆ, ಅದೂ ಉಚಿತ.

ಸ್ಮಾರ್ಟ್ ಟಿವಿಯ ಕಾಲದಲ್ಲಿ ಇದೆಲ್ಲ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸ್ಮಾರ್ಟ್ ಟಿವಿ ಇರುವ ಮನೆಗೆ ಇದು ಬೇಡ. ಆದರೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಿದ ಕಾಲದಲ್ಲಿ ಪ್ಲೇಯರ್ ಸಾಮಾನ್ಯರ ಮನೆಯನ್ನೂ ಹೊಕ್ಕಿತು. ಹೈದರಾಬಾದಿನ ಮಾತಿನಲ್ಲೇ ತೆಗೆದ ‘ದಿ ಅಂಗ್ರೇಜ್’ ಚಿತ್ರವನ್ನು ಎಷ್ಟೋ ಜನ ನೋಡಿದ್ದು ಡಿಸ್ಕಿನಲ್ಲೇ. ನೃಪತುಂಗ ಶಾಲೆ ಇರುವ ಕಾಚಿಗುಡಾದ ಕನ್ನಡದ ಮನೆಯಲ್ಲಿ ಅಜ್ಜಿಯೊಬ್ಬರಿಗೆ ಪಾಸ್‌ವರ್ಡು, ಆ್ಯಪು, ಅಪ್‌ಡೇಟು ಯಾವುದೂ ಬೇಡ ಎನಿಸಿದರೆ, ಮೊಮ್ಮಗಳು ಹೊರದೇಶದಿಂದ ಕಳಿಸಿದ ನಾಮಕರಣದ ವಿಡಿಯೊ ಅವರಿಗೆ ಅಭ್ಯಾಸವಾದ ರಿಮೋಟಿನ ಒಂದೇ ಗುಂಡಿಗೆ ಓಡಬೇಕು. ಅವರಿಗೆ ಹೊಸ ಯಂತ್ರ ಕಲಿಸುವುದಕ್ಕಿಂತ ಫೈಲಿಗೆ ಹಳೆಯ ಲಿಪಿ ಕಲಿಸುವುದು ಸುಲಭ, ಅದರಲ್ಲಿ ಅವರ ಮರ್ಯಾದೆಯೂ ಉಳಿಯುತ್ತದೆ.

ಕಾನೂನಿನ ಆಕ್ಷೇಪವನ್ನು ಹಗುರಾಗಿ ಕಾಣಬಾರದು. ಮನೆಯವರೇ ತೆಗೆದದ್ದಕ್ಕೆ ಯಾರ ತಕರಾರೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಅವಧಿ ಆ ಲೆಕ್ಕದಲ್ಲಿ ಮುಗಿದಿದೆ. ಹಕ್ಕು ಜೀವಂತವಾಗಿರುವ ಚಿತ್ರವನ್ನು ಕದ್ದ ಪ್ರತಿ ಹಂಚುವ ತಾಣದಿಂದ ಇಳಿಸಿದರೆ, ಲಿಪಿ ಬದಲಿಸಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ.

ಖಾಲಿ ಡಿಸ್ಕು, ಹೊರಗಿನಿಂದ ಜೋಡಿಸುವ ರೈಟರ್ ಬೇಕಾದರೆ ಸಿಕಂದರಾಬಾದಿನಲ್ಲಿ ಸಿಟಿಸಿ ಎಂದೇ ಹೆಸರಾದ ಚೆನಾಯ್ ಟ್ರೇಡ್ ಸೆಂಟರಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಬಹುದು. ಮೊದಲು ವಿಡಿಯೊದಲ್ಲಿ ಚಲನೆ ಹೆಚ್ಚಿರುವ ಐದು ನಿಮಿಷವನ್ನಷ್ಟೇ ಕನ್ವರ್ಟ್ ಮಾಡಿ, ನಿಧಾನ ವೇಗದಲ್ಲಿ ಬರೆದು, ಅಜ್ಜಿಯ ಪ್ಲೇಯರಿನಲ್ಲೇ ಹಾಕಿ ನೋಡಬೇಕು. ಕಂಪ್ಯೂಟರಿನಲ್ಲಿ ಓಡಿದ್ದು ಲೆಕ್ಕಕ್ಕಿಲ್ಲ. ಮೂಲ ಫೈಲನ್ನು ಅಳಿಸದೆ ಬೇರೆ ಕಡೆ ಇಟ್ಟಿರಬೇಕು, ಪರೀಕ್ಷೆಯಲ್ಲಿ ಚಿತ್ರ ಒಡೆದರೆ ಮತ್ತೆ ಅಲ್ಲಿಂದಲೇ ತೊಡಗಬೇಕು.