ಅಂಬರನಾಥ ಲೋಕಲ್ ಹಿಡಿದರೆ ಸಾಕು

ಡೊಂಬಿವಲಿ, ಠಾಣೆ, ಕಲ್ಯಾಣದ ನಮ್ಮ ಕನ್ನಡಿಗರಲ್ಲಿ ಬರೆಯುವವರು, ಚಿತ್ರ ಬಿಡಿಸುವವರು, ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡು ಓಡಾಡುವವರು ಬೇಕಾದಷ್ಟು ಮಂದಿ. ಬರವಣಿಗೆ ನಿಂತುಹೋಯಿತು, ಕೈ ಓಡುತ್ತಿಲ್ಲ ಅನ್ನಿಸಿದಾಗ ಇವರಿಗೆ ಮೊದಲು ನೆನಪಾಗುವುದು ಹಂಪಿ, ಬಾದಾಮಿ, ಹಳೇಬೀಡು. ಇಲ್ಲವೇ ಅಜಂತಾ, ಎಲ್ಲೋರ. ತಿಂಗಳ ಮೊದಲೇ ರಜೆ ಹೊಂದಿಸಿ, ಟಿಕೆಟ್ ಕಾಯ್ದಿರಿಸಿ ಹೊರಡುತ್ತಾರೆ. ಅಷ್ಟು ದೂರ ಹೋಗಿ ಒಂದು ಕಂಬದ ಮುಂದೆ ಅರ್ಧ ಗಂಟೆ ನಿಲ್ಲೋಣವೆಂದರೆ ಜೊತೆಗಿದ್ದವರು ಊಟಕ್ಕೆ ಹೊತ್ತಾಯಿತು ಎಂದು ಗಡಿಯಾರ ನೋಡುತ್ತಿರುತ್ತಾರೆ. ಹಂಪಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಒಮ್ಮೆ ಮಾತ್ರ ನೋಡಿದ ಜಾಗದಿಂದ ಫೋಟೊ ಬರುತ್ತದೆ, ಕವಿತೆ ಬರುವುದು ಅಪರೂಪ. ಮತ್ತೆ ಮತ್ತೆ ಹೋಗಲು ಆಗುವಂಥ ಜಾಗ ಬೇಕು. ಅದು ನಮ್ಮ ಸೆಂಟ್ರಲ್ ಲೈನಿನಲ್ಲೇ ಇದೆ.

ಡೊಂಬಿವಲಿಯಿಂದ ಠಾಕುರ್ಲಿ, ಕಲ್ಯಾಣ, ವಿಠ್ಠಲವಾಡಿ, ಉಲ್ಲಾಸನಗರ ದಾಟಿದರೆ ಅಂಬರನಾಥ. ಭಾನುವಾರ ಮೆಗಾ ಬ್ಲಾಕ್ ಇದೆಯೋ ಇಲ್ಲವೋ ನೋಡಿಕೊಂಡು ಹೊರಟರಾಯಿತು. ಪೂರ್ವಕ್ಕೆ ಇಳಿದು ರಿಕ್ಷಾ ಹತ್ತಿದರೆ ಕಟ್ಟಡ, ಕಾರ್ಖಾನೆಗಳ ನಡುವೆ ವಾಲಧುನಿ ನದಿಯ ದಂಡೆಗೆ ಒಯ್ದು ಬಿಡುತ್ತಾರೆ. ನದಿ ಎನ್ನುವ ಹೆಸರು ಉಳಿದಿದೆ. ನೀರಿನ ಬಣ್ಣ, ವಾಸನೆ ಎರಡೂ ಕಾರ್ಖಾನೆಗಳದ್ದು. ಅದರ ಪಕ್ಕದಲ್ಲೇ ನಿಂತಿದೆ 1060ರ ಶಿವಾಲಯ. ಉತ್ತರ ಬಾಗಿಲ ಬಳಿಯ ತೊಲೆಯ ಮೇಲಿನ ಶಾಸನದಲ್ಲಿ ಶಕ 982 ಎಂದಿದೆ, ಶಿಲಾಹಾರ ಅರಸ ಮುಮ್ಮುಣಿಯ ಹೆಸರೂ ಇದೆ.

ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಮೊದಲ ನೋಟಕ್ಕೆ ಇದು ನಿರಾಸೆ ಹುಟ್ಟಿಸಬಹುದು. ಹೊಯ್ಸಳರ ಶಿಲ್ಪಿಗೆ ಬಳಪದ ಕಲ್ಲು ಸಿಕ್ಕಿತ್ತು. ಉಳಿ ಹೇಳಿದಂತೆ ಕೇಳುವ ಕಲ್ಲು ಅದು, ಉಗುರು, ಗೆಜ್ಜೆ, ಸರದ ಮಣಿ ಎಲ್ಲ ಬಿಡಿಸಿ ತೋರಿಸಬಹುದು. ಇಲ್ಲಿಯದು ದಖ್ಖನಿನ ಕರಿಕಲ್ಲು, ಬಸಾಲ್ಟ್. ಗಟ್ಟಿ, ಒರಟು, ಮೈಯೆಲ್ಲ ರಂಧ್ರ. ಸಾವಿರ ಮಳೆಗಾಲ ಹೊಡೆದು ಎಷ್ಟೋ ಮುಖಗಳಲ್ಲಿ ಕಣ್ಣು ಮೂಗು ಉಳಿದಿಲ್ಲ. ಆದರೆ ಶಿಲ್ಪಿ ಬೇರೆ ದಾರಿ ಹಿಡಿದಿದ್ದಾನೆ. ಗೋಡೆಯನ್ನು ಒಳಗೆ ಹೊರಗೆ, ಒಳಗೆ ಹೊರಗೆ ಮಡಿಚುತ್ತಾ ಹೋಗಿದ್ದಾನೆ. ಪ್ರತಿ ಮಡಿಕೆಯಲ್ಲೂ ನೆರಳು ನಿಲ್ಲುತ್ತದೆ. ಬೆಳಿಗ್ಗೆ ಕಾಣುವ ಗೋಡೆ ಸಂಜೆಗೆ ಇರುವುದಿಲ್ಲ. ಜುಲೈ ಮಳೆಯಲ್ಲಿ ಹೋದರೆ ಕಲ್ಲು ನೆನೆದು ಎಣ್ಣೆ ಹಚ್ಚಿದಂತೆ ಕಪ್ಪಾಗಿ, ಒಣಗಿದಾಗ ಕಾಣದಿದ್ದ ಸೊಂಟದ ಬಾಗು, ಎತ್ತಿದ ಕೈ ಎದ್ದು ಬರುತ್ತವೆ. ಒಂದೇ ಭೇಟಿಯಲ್ಲಿ ಇದು ಗೊತ್ತಾಗುವುದಿಲ್ಲ.

ಒಳಗಿನದು ಇನ್ನೂ ವಿಚಿತ್ರ. ಸಾಮಾನ್ಯವಾಗಿ ಗರ್ಭಗುಡಿಗೆ ಹತ್ತಿ ಹೋಗುತ್ತೇವೆ; ಇಲ್ಲಿ ಮಂಟಪದಿಂದ ಮೆಟ್ಟಿಲಿಳಿದು ನೆಲದಡಿಗೆ ಹೋಗಬೇಕು. ಕೆಳಗೆ ತಂಪು, ಹೂವು ಹಾಲಿನ ವಾಸನೆ. ತಲೆಯೆತ್ತಿದರೆ ಶಿಖರವಿಲ್ಲದ ಬಾಯಿಂದ ಆಕಾಶ.

1868ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯವರು ಈ ಗುಡಿಗೆ ಬಂದು ಚಿತ್ರ ಬರೆದು, ಫೋಟೊ ತೆಗೆದು, ಶಿಲ್ಪಗಳ ಅಚ್ಚು ತೆಗೆದುಕೊಂಡು ಹೋಗಿದ್ದರು. ಕಲಿಯಲು ಬಂದವರು ಇಲ್ಲಿ ಕುಳಿತು ಗೆರೆ ಎಳೆದದ್ದು ಹೊಸದಲ್ಲ ಎಂದು ಹೇಳುವುದಕ್ಕೆ ಈ ಮಾತು. ಅದೇ ಶಾಲೆಯಲ್ಲಿ ಮುಂದೆ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತರು. ಮನೆಯಲ್ಲಿ ಕುಳಿತು ಬರೆಯಬಲ್ಲವರಾಗಿದ್ದ ಶಿವರಾಮ ಕಾರಂತರೂ ಶಿಲ್ಪ ನೋಡಲು ದೇಶ ಸುತ್ತಿ ‘ಅಬೂವಿಂದ ಬರಾಮಕ್ಕೆ’ ಬರೆದರು.

ಇನ್ನು ಶಿಲಾಹಾರರು ಯಾರು? ಠಾಣೆಯನ್ನು ಶ್ರೀಸ್ಥಾನಕ ಎಂದು ಕರೆದು ಇಲ್ಲಿಂದ ಆಳಿದವರು. ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಇವರ ಬಿರುದುಗಳಲ್ಲಿ ‘ಗಂಡರಗಂಡ’, ‘ನನ್ನಿಸಮುದ್ರ’ ಎಂಬಂಥ ಅಚ್ಚ ಕನ್ನಡದವು ಬರುತ್ತವೆ. ಭಿವಂಡಿ ಹತ್ತಿರದ ಭಾದಾಣೆಗೆ ಸಂಬಂಧಿಸಿದ, ಶಿಲಾಹಾರ ಅರಸ ಅಪರಾಜಿತನ 997ರ ತಾಮ್ರಪಟ ಅಂತೂ ನನಗೆ ಬಹಳ ಪ್ರಿಯ. ದಾನ ಕೊಟ್ಟವನು ಅಪರಾಜಿತ, ಆದರೆ ಶಾಸನ ರಾಷ್ಟ್ರಕೂಟರ ವಂಶಾವಳಿಯನ್ನು ಹೇಳಿ ಅವರ ರಾಜ್ಯ ಅಳಿದದ್ದಕ್ಕೆ ಮರುಗುತ್ತದೆ. ಒಡೆಯರು ಹೋಗಿ ಕಾಲು ಶತಮಾನ ಕಳೆದಿತ್ತು. ಹೊಗಳಿದರೆ ಕೊಡುವವರು ಯಾರೂ ಇರಲಿಲ್ಲ. ಇಂಥದ್ದೊಂದರಿಂದ ಕಾದಂಬರಿಯೇ ಹುಟ್ಟಬಹುದಿತ್ತು. ಭಿವಂಡಿ ಎಂದರೆ ಗೋದಾಮು, ಮಗ್ಗ, ಟ್ರಾಫಿಕ್ ಅಷ್ಟೇ ಎಂದುಕೊಂಡು ಕುಳಿತಿದ್ದೇವೆ.

ಠಾಣೆಯ ಯೇವೂರ್ ಗುಡ್ಡದ ಆಚೆ ಮಗ್ಗುಲಿಗೆ, ಬೋರಿವಲಿ ಕಡೆಯಿಂದ ಹತ್ತುವ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಶಾಲಾ ಮಕ್ಕಳ ಗದ್ದಲ ಮೂರನೆಯ ಗುಹೆಯ ದೊಡ್ಡ ಚೈತ್ಯದಲ್ಲೇ ಮುಗಿಯುತ್ತದೆ. ಸ್ವಲ್ಪ ಮುಂದೆ ನಡೆದು ದರ್ಬಾರ್ ಗುಹೆಗೆ ಹೋಗಿ. ಉದ್ದಕ್ಕೂ ಎರಡು ತಗ್ಗು ಕಲ್ಲಿನ ಜಗುಲಿಗಳು, ಎದುರುಬದುರು ಕುಳಿತು ಓದುವುದಕ್ಕೋ ಉಣ್ಣುವುದಕ್ಕೋ ಮಾಡಿದಂತಿವೆ. ಈ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಹೇಳುತ್ತವೆ. ಹೌದು, ‘ಕವಿರಾಜಮಾರ್ಗ’ದ ಅದೇ ನೃಪತುಂಗ. ಶಾಸನದ ಭಾಷೆ ಸಂಸ್ಕೃತ. 843ರ ಸುಮಾರಿನ ಒಂದು ದಾನದಲ್ಲಿ ಪೂಜೆಗೆ, ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ ಹಣ ಇಟ್ಟ ಹಾಗೆ ಪುಸ್ತಕಕ್ಕೂ ಇಟ್ಟಿದ್ದಾರೆ. ಇಂದಿನ ನಮ್ಮ ಸಂಘಗಳ ಬಜೆಟ್ಟಿನಲ್ಲಿ ಆ ಬಾಬತ್ತು ಇದೆಯೇ ಎಂದು ಕೇಳುವುದಿಲ್ಲ, ಬಿಡಿ.

ಕಲ್ಯಾಣದ ದುರ್ಗಾಡಿ ಕೋಟೆಯನ್ನು ಸಂಜೆ ಖಾಡಿಯ ಗಾಳಿಗಾಗಿ ಹತ್ತಬಹುದು. ಕಟ್ಟಡವಾಗಿ ಅಲ್ಲಿ ಉಳಿದದ್ದು ಕಡಿಮೆ. ಖಾರ್ಘರ್‌ನ ಪಾಂಡವಕಡಾ ಜಲಪಾತಕ್ಕೆ ಮಳೆಗಾಲದಲ್ಲಿ ಜನ ಮುಗಿಬಿದ್ದು ಪ್ರಾಣ ಕಳೆದುಕೊಂಡದ್ದೇ ಹೆಚ್ಚು. ದೂರದಿಂದ ನೋಡಿದರೂ ಅದು ಚೆಂದವೇ.

ನವಿ ಮುಂಬಯಿಯಲ್ಲಿ ನೋಡಬೇಕಾದದ್ದು ರಾಜಹಂಸಗಳನ್ನು. ಚಳಿಗಾಲದಿಂದ ಮೇ ತಿಂಗಳವರೆಗೆ ಠಾಣೆ ಖಾಡಿಯ ಕೆಸರಿನಲ್ಲಿ ಗುಲಾಬಿ ಹಿಂಡುಗಳು ನಿಂತಿರುತ್ತವೆ. 2015ರಲ್ಲಿ ಇದು ಅಭಯಾರಣ್ಯವಾಯಿತು. ನಮ್ಮ ರಂಗನತಿಟ್ಟು ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿದ 2022ರಲ್ಲೇ ಇದೂ ಸೇರಿತು. ಒಂದು ಮಾತು ಮಾತ್ರ ಮನಸ್ಸಿಗೆ ಇರುಸುಮುರುಸು: ಊರಿನ ಕೊಳಚೆ ಖಾಡಿಗೆ ಬಿದ್ದು ಪಾಚಿ ಹುಲುಸಾಗಿ ಬೆಳೆದದ್ದೂ ಈ ಹಕ್ಕಿಗಳು ಬರಲು ಒಂದು ಕಾರಣ ಎನ್ನುತ್ತಾರೆ ಪಕ್ಷಿತಜ್ಞರು. ಆ ಪಾಚಿಯೇ ಅವುಗಳ ರೆಕ್ಕೆಯ ಬಣ್ಣ. ನಿಸರ್ಗ ಸೌಂದರ್ಯದ ಬಗ್ಗೆ ಪದ್ಯ ಬರೆಯಹೊರಟವರು ಈ ಕೊಳಚೆಯನ್ನು ಬಿಟ್ಟು ಬರೆದರೆ ಅರ್ಧ ಸುಳ್ಳು ಬರೆದಂತೆ.

ಹೋಗುವವರಿಗೆ ಕೆಲವು ವಿಷಯ. ರಾಜಹಂಸಗಳನ್ನು ತೋರಿಸುವ ಐರೋಲಿಯ ದೋಣಿಗಳು ಭರತ ಇಳಿತ ನೋಡಿಕೊಂಡು ಹೊರಡುತ್ತವೆ, ಆದ್ದರಿಂದ ಮೊದಲೇ ವೇಳೆ ವಿಚಾರಿಸಿಕೊಳ್ಳಿ. ಕಾನ್ಹೇರಿಗೆ ಸೋಮವಾರ ರಜೆ. ಅಂಬರನಾಥಕ್ಕೆ ಶಿವರಾತ್ರಿಯ ಜಾತ್ರೆಯ ದಿನ ಭಕ್ತಿಯಿಂದ ಹೋಗಿ, ಸ್ಕೆಚ್ ಪುಸ್ತಕ ಮನೆಯಲ್ಲೇ ಇರಲಿ. ಬಿಡಿಸುವ ಮನಸ್ಸಿದ್ದವರಿಗೆ ವಾರದ ನಡುವಿನ ಒಂದು ಬೆಳಿಗ್ಗೆ, ಅದರಲ್ಲೂ ಮಳೆ ಬಿಟ್ಟ ಮರುದಿನ ಒಳ್ಳೆಯದು.